ಘಾತಾಂಕದ ಲೆಕ್ಕ ಸುಲಭ ಮಾಡೋದು ಹೆಂಗೆ: ಮೊದಲು ಬೀರುವಿನಿಂದ ಒಂದು ಸೀರೆ ತಗೊಂಡು ಬನ್ನಿ

ಹೋದ ವಾರ ನಮ್ಮನೆ ಟ್ಯೂಷನ್‌ನಲ್ಲಿ ಏಳು ಮಕ್ಕಳಿಗೆ ಒಂದೇ ಒಂದು ಲೆಕ್ಕ ಕೊಟ್ಟೆ, 2³ × 2² ಎಷ್ಟು ಅಂತ. ನಾಲ್ಕು ಜನ 4⁵ ಅಂದ್ರು, ಒಬ್ಬ 2⁶ ಅಂದ, ಒಬ್ಬಳು 4⁶ ಅಂತ ಬರ್ದು ಒರೆಸಿ ಹಾಕಿ ನನ್ನ ಮುಖ ನೋಡ್ತಾ ಕೂತ್ಲು, ಒಬ್ಬ ಮಾತ್ರ 32 ಅಂದ. ಹೆಂಗೋ ಬಂತು ಅಂತ ಕೇಳಿದ್ರೆ "ಎಂಟ್ ನಾಕ್ಲ ಮೂವತ್ತೆರಡು ಅಲ್ವಾ ಮಿಸ್" ಅಂದ. ಅವನು ಹಿಂದಿನ ವಾರ ಜ್ವರ ಅಂತ ಬಂದಿರ್ಲಿಲ್ಲ, ಅವನಿಗೆ ಘಾತಾಂಕದ ನಿಯಮಗಳು ಗೊತ್ತೇ ಇರ್ಲಿಲ್ಲ, ಅದಕ್ಕೇ ಸರಿಯಾಗಿ ಬಂತು. ನಿಯಮ ಬಾಯಿಪಾಠ ಮಾಡಿದ್ದ ಆರೂ ಜನ ತಪ್ಪು.

ಅವತ್ತು ರಾತ್ರಿ ನಂಗೆ ಸ್ವಲ್ಪ ಬೇಜಾರಾಯ್ತು, ಯಾಕಂದ್ರೆ ಆ ನಿಯಮ ಹೇಳ್ಕೊಟ್ಟೋಳು ನಾನೇ. ಏಳು ನಿಯಮ ಬೋರ್ಡ್ ಮೇಲೆ ಸಾಲಾಗಿ ಬರ್ದು ಬಾಕ್ಸ್ ಹಾಕಿ ಕಲ್ತ್ಕೊಂಡ್ ಬನ್ನಿ ಅಂದಿದ್ದೆ. ಮಾರನೇ ದಿನ ಬೋರ್ಡ್ ಕಡೆ ಹೋಗ್ಲೇ ಇಲ್ಲ, ಬೀರು ತೆಗ್ದು ನನ್ನ ಹಳೇ ಮೈಸೂರ್ ಸಿಲ್ಕ್ ಸೀರೆ ತಂದು ಹಾಲ್‌ನಲ್ಲಿ ಹಾಸ್ದೆ. ಮಕ್ಕಳಿಗೆ ಮಜಾ, ನಮ್ಮತ್ತೆಗೆ ಮಾತ್ರ ಜೀವ ಬಾಯಿಗೆ ಬಂದಿತ್ತು, ಕಾಲಿಟ್ಟೀರ ಜೋಕೆ ಅಂತ ಬಾಗಿಲಲ್ಲೇ ನಿಂತಿದ್ರು. ಏಳು ಎಂಟನೇ ಕ್ಲಾಸಿನ ಮಕ್ಕಳಿರೋ ಮನೇಲಿ ನೀವೂ ಮಾಡ್ಬಹುದು, ರೇಷ್ಮೆನೇ ಬೇಕು ಅಂತಿಲ್ಲ, ಹಳೇ ಪಂಚೆನೂ ಆಗತ್ತೆ.

ಸೀರೆ ಐದೂವರೆ ಮೀಟರ್ ಇರತ್ತೆ ಅಂದ್ಕೊಳಿ. ಉದ್ದಕ್ಕೆ ಹಿಡಿದು ಒಂದ್ಸಲ ಅರ್ಧಕ್ಕೆ ಮಡಿಸಿದ್ರೆ ಎರಡು ಪದರ. ಇನ್ನೊಂದ್ಸಲ ಮಡಿಸಿದ್ರೆ ನಾಲ್ಕು. ಮೂರನೇ ಸಲ ಎಂಟು, ನಾಲ್ಕನೇ ಸಲ ಹದಿನಾರು. ಪ್ರತಿ ಸಲ ಪದರ ಡಬಲ್ ಆಗ್ತಿದೆ, ಆ "ಎರಡರಷ್ಟು" ಅನ್ನೋದೇ ಆಧಾರ. ಎಷ್ಟು ಸಲ ಮಡಿಸಿದ್ವಿ ಅನ್ನೋದು ಘಾತಾಂಕ. 2⁴ ಅಂದ್ರೆ ನಾಲ್ಕು ಸಲ ಮಡಿಸಿದ ಸೀರೆ, 2 × 2 × 2 × 2, ಹದಿನಾರು ಪದರ. 2 × 4 ಅಲ್ಲ, ಎಂಟು ಅಲ್ಲ. ಎಂಟು ಅಂತ ಬರೆಯೋ ಮಕ್ಕಳು ಪ್ರತಿ ವರ್ಷ ಇರ್ತಾರೆ, ಅವರಿಗೆ ಬೈಯೋ ಬದ್ಲು ಸೀರೆ ಕೈಗೆ ಕೊಟ್ಟು ಪದರ ಎಣಿಸೋಕೆ ಹೇಳಿ.

ಈಗ ಸೀರೆ ಒಂದಡಿ ಉದ್ದಕ್ಕಿಂತ ಚೂರು ಜಾಸ್ತಿ ಇದೆ, ಅಗಲ ಮಾತ್ರ ಹಾಗೇ ಇದೆ. ಬೀರುವಿನಲ್ಲಿ ಹಿಡಿಯಲ್ಲ. ಹಾಗಾಗಿ ಅಗಲಕ್ಕೆ ಇನ್ನೆರಡು ಸಲ ಮಡಿಸ್ತೀವಿ. ಒಟ್ಟು ಎಷ್ಟು ಸಲ ಮಡಿಸಿದ್ವಿ? ನಾಲ್ಕು ಆದ್ಮೇಲೆ ಎರಡು, ಆರು. ಪದರ ಎಷ್ಟು? 16 × 4 = 64, ಅದು 2⁶. ಅಂದ್ರೆ 2⁴ × 2² = 2⁶. ಇದನ್ನೇ ಪುಸ್ತಕದಲ್ಲಿ "ಆಧಾರಗಳು ಒಂದೇ ಆಗಿದ್ದು ಗುಣಿಸುವಾಗ ಘಾತಾಂಕಗಳನ್ನು ಕೂಡಬೇಕು" ಅಂತ ಬರ್ದಿರೋದು. ಆಧಾರ ಯಾಕೆ 4 ಆಗ್ಲಿಲ್ಲ ಅಂದ್ರೆ, ನಾವು ಮಡಿಸೋ ರೀತಿ ಬದಲಾಯಿಸ್ಲೇ ಇಲ್ವಲ್ಲ, ಆಗ್ಲೂ ಅರ್ಧಕ್ಕೆ, ಈಗ್ಲೂ ಅರ್ಧಕ್ಕೆ. ಮಕ್ಕಳು 2³ × 2²ಗೆ ಬರೆದ ಹಾಗೆ 4⁵ ಅಂದ್ರೆ 32ರ ಬದ್ಲು 1024 ಪದರ ಬರಬೇಕು, ಬೀರುವಿನ ಬಾಗಿಲೇ ಹಾಕಕ್ಕಾಗಲ್ಲ.

ಕೂಡೋ ಲೆಕ್ಕ ಬಂದ್ರೆ ಏನು? 2³ + 2² ಅಂದ್ರೆ ಮೂರು ಸಲ ಮಡಿಸಿದ ಒಂದು ಸೀರೆ, ಅದರ ಮೇಲೆ ಎರಡು ಸಲ ಮಡಿಸಿದ ಇನ್ನೊಂದು ಸೀರೆ ಇಟ್ಟಿದ್ದೀವಿ. ಎಂಟು ಪದರ, ಮೇಲೆ ನಾಲ್ಕು ಪದರ, ಹನ್ನೆರಡು. ಅಷ್ಟೇ. ಎರಡು ಸೀರೆ ಒಂದರ ಮೇಲೊಂದು ಇಟ್ಟ ತಕ್ಷಣ ಅವು ಐದು ಸಲ ಮಡಿಸಿದ ಒಂದು ಸೀರೆ ಆಗ್ಬಿಡಲ್ಲ. ನಾನು ಇಡೀ ಪಾಠದಲ್ಲಿ ಮಕ್ಕಳ ತಲೇಲಿ ಉಳೀಬೇಕು ಅಂತ ಒದ್ದಾಡೋದು ಇದೊಂದಕ್ಕೇ: ಗುಣಿಸೋದು ಅಂದ್ರೆ ಅದೇ ಸೀರೆನ ಇನ್ನೂ ಮಡಿಸೋದು, ಕೂಡೋದು ಅಂದ್ರೆ ಇನ್ನೊಂದು ಸೀರೆ ಅದರ ಮೇಲಿಡೋದು. ಲೆಕ್ಕ ನೋಡಿದ ತಕ್ಷಣ ಮಧ್ಯದಲ್ಲಿರೋ ಚಿಹ್ನೆ ನೋಡಿ ಇದು ಮಡಿಸೋ ಲೆಕ್ಕನಾ ಇಡೋ ಲೆಕ್ಕನಾ ಅಂತ ಕೇಳ್ಕೊಳಿ, ಪರೀಕ್ಷೇಲಿ ಹೋಗೋ ಅರ್ಧ ಮಾರ್ಕ್ಸ್ ಅಲ್ಲೇ ಉಳ್ಕೊಳತ್ತೆ.

ಸೀರೆ ಬೇಡ ಅನ್ನೋರಿಗೆ ದುಡ್ಡಿನ ಲೆಕ್ಕ ಇದೆ. ಸಾವಿರ 10³, ಲಕ್ಷ 10⁵, ಕೋಟಿ 10⁷. ಲಕ್ಷವನ್ನ ಲಕ್ಷದಿಂದ ಗುಣಿಸಿದ್ರೆ 10¹⁰, ಅದು ಸಾವಿರ ಕೋಟಿ, ನೋಡಿ ಸಾವಿರದ 3 ಕೋಟಿಯ 7 ಸೇರಿ ಅದೇ 10 ಬಂತು. ಕೋಟಿಗೆ ಲಕ್ಷ ಕೂಡಿದ್ರೆ? ಒಂದು ಕೋಟಿ ಒಂದು ಲಕ್ಷ, 1,01,00,000. ಅದನ್ನ 10¹² ಅಂತ ಅಂದ್ರೆ ಲಕ್ಷ ಕೋಟಿ ಆಯ್ತು, ಅಷ್ಟು ದುಡ್ಡು ಯಾರ ಹತ್ರ ಇದೆ ಹೇಳಿ.

ಇನ್ನು ಅಕ್ಷರಕ್ಕೆ ಬರೋಣ. ಪುಸ್ತಕದಲ್ಲಿ ಎಕ್ಸು ವೈ ಅಂತ ಇರತ್ತೆ, ನಾನಿಲ್ಲಿ ಕ ಮತ್ತು ನ ಅಂತ ಬರೀತೀನಿ. ಇದು ನನ್ನ ತಲೆಹರಟೆ ಅಲ್ಲ, 12ನೇ ಶತಮಾನದಲ್ಲಿ ಭಾಸ್ಕರಾಚಾರ್ಯರು ಗೊತ್ತಿಲ್ಲದ ಸಂಖ್ಯೆಗಳಿಗೆ ಬಣ್ಣದ ಹೆಸರು ಇಡ್ತಿದ್ರು, ಕಾಲಕ ಅಂದ್ರೆ ಕಪ್ಪು, ನೀಲಕ ಅಂದ್ರೆ ನೀಲಿ, ಮೊದಲನೇ ಅಕ್ಷರ ಮಾತ್ರ ಬರ್ಕೊಂಡು ಲೆಕ್ಕ ಮಾಡೋರು. ವರ್ಗ ಬೇಕಾದ್ರೆ ಪಕ್ಕದಲ್ಲಿ ವ, ಘನ ಬೇಕಾದ್ರೆ ಘ. ತಲೆ ಮೇಲೆ ಸಣ್ಣ ಅಂಕಿ ಕೂರಿಸೋ ಈಗಿನ ಪದ್ಧತಿ 1637ರಲ್ಲಿ ಫ್ರಾನ್ಸಿನ ದೆಕಾರ್ತ್ ಬಳಸಿದ್ಮೇಲೆ ಎಲ್ಲಾ ಕಡೆ ಹಬ್ಬಿದ್ದು. ತಮಾಷೆ ಅಂದ್ರೆ ಆ ಪುಣ್ಯಾತ್ಮ ಘನಕ್ಕೆ ಸಣ್ಣ 3 ಹಾಕಿದ್ರೂ ವರ್ಗಕ್ಕೆ ಮಾತ್ರ ಎಷ್ಟೋ ಕಡೆ ಅಕ್ಷರವನ್ನೇ ಎರಡು ಸಲ ಪಕ್ಕಪಕ್ಕ ಬರೀತಿದ್ದ. ನೀವೂ ಡೌಟ್ ಬಂದಾಗ ಹಂಗೇ ಬಿಡಿಸಿ ಬರೀರಿ, ತಪ್ಪೇನಿಲ್ಲ.

ಉದಾಹರಣೆಗೆ 3ಕ² × 4ಕ³. ಇದನ್ನ ಬಿಡಿಸಿದ್ರೆ 3 × ಕ × ಕ × 4 × ಕ × ಕ × ಕ. ಅಂಕಿಗಳನ್ನ ಒಂದು ಕಡೆ ಸೇರಿಸಿ, 3 × 4 = 12. ಕ ಎಷ್ಟು ಸಲ ಇದೆ ಎಣಿಸಿ, ಐದು. ಉತ್ತರ 12ಕ⁵. ಮುಂದಿರೋ 3, 4ಕ್ಕೆ ಸಹಗುಣಕ ಅಂತಾರೆ, ಅದು ಮಾಮೂಲಿ ಅಂಕಿ, ಮಾಮೂಲಾಗೇ ಗುಣಿಸಬೇಕು. ತಲೆ ಮೇಲಿರೋ ಅಂಕಿ ಸಲ ಎಣಿಸೋ ಅಂಕಿ, ಅದನ್ನ ಕೂಡಬೇಕು. ಒಂದೇ ಲೆಕ್ಕದಲ್ಲಿ ಕೆಳಗೆ ಗುಣಿಸು ಮೇಲೆ ಕೂಡು ಅಂತ ಎರಡು ಬೇರೆ ಬೇರೆ ಕೆಲಸ ಇರೋದ್ರಿಂದ ಮಕ್ಕಳು 7ಕ⁵ ಅಂತನೋ 12ಕ⁶ ಅಂತನೋ ಬರೀತಾರೆ. ಅಂಕಿಗೆ ಒಂದು ಬಣ್ಣದ ಪೆನ್ನು ಅಕ್ಷರಕ್ಕೆ ಇನ್ನೊಂದು ಬಣ್ಣದ ಪೆನ್ನು ಕೊಟ್ರೆ ಒಂದು ವಾರದಲ್ಲಿ ಸರಿ ಹೋಗತ್ತೆ, ನಮ್ಮ ಬ್ಯಾಚಲ್ಲಿ ಹೋಗಿದೆ.

ತಲೆ ಮೇಲೆ ಏನೂ ಇಲ್ಲದಿದ್ರೆ ಅಲ್ಲಿ 1 ಇದೆ ಅಂತ ಲೆಕ್ಕ, ಸೊನ್ನೆ ಅಲ್ಲ. 5ಕ × 2ಕ³ ಅಂದ್ರೆ 10ಕ⁴. ಶುರುಶುರುವಿನಲ್ಲಿ ಪೆನ್ಸಿಲ್‌ನಲ್ಲಿ ಆ 1 ಬರ್ಕೊಂಡುಬಿಡಿ.

ಕೂಡೋವಾಗ 3ಕ² + 4ಕ² ಇದ್ರೆ ಎರಡೂ ಒಂದೇ ಥರ ಮಡಿಸಿದ ಸೀರೆ, ಮೂರು ಇತ್ತು ನಾಲ್ಕು ಬಂತು, 7ಕ². ಮಡಿಕೆ ಬದಲಾಗಲ್ಲ, 7ಕ⁴ ಅಲ್ಲ. 3ಕ² + 4ಕ³ ಇದ್ರೆ ಅಲ್ಲಿಗೇ ನಿಲ್ಸಿ, ಅದೇ ಉತ್ತರ. ಮಕ್ಕಳಿಗೆ ಉತ್ತರದಲ್ಲಿ ಪ್ಲಸ್ ಉಳ್ಕೊಂಡ್ರೆ ಏನೋ ಕೆಲಸ ಬಾಕಿ ಇದೆ ಅನ್ನೋ ಕಸಿವಿಸಿ, ಅದಕ್ಕೇ ಬಲವಂತವಾಗಿ 7ಕ⁵ ಮಾಡ್ತಾರೆ. ಬಿಟ್ಟುಬಿಡೋದನ್ನೂ ಕಲಿಸ್ಬೇಕು.

ಬ್ರಾಕೆಟ್ ಮೇಲೆ ಘಾತಾಂಕ ಬಂದ್ರೆ, (2³)² ಅಂದ್ರೆ ಮೂರು ಸಲ ಮಡಿಸೋ ಕೆಲಸವನ್ನ ಎರಡು ಸಲ ಮಾಡಿ ಅಂತ. ಒಟ್ಟು ಆರು ಸಲ, 2⁶. ಇಲ್ಲಿ ಮಾತ್ರ 3ನ್ನೂ 2ನ್ನೂ ಗುಣಿಸೋದು. ಒಳಗೆ ಬೇರೆ ಬೇರೆ ಐಟಂ ಇದ್ರೆ ಬ್ರಾಕೆಟ್ ಮೇಲಿನ ಅಂಕಿ ಎಲ್ಲರಿಗೂ ಹಂಚ್ಬೇಕು, ದೇವಸ್ಥಾನದ ಪ್ರಸಾದ ಇದ್ದಂಗೆ, ಪಂಕ್ತಿಯಲ್ಲಿ ಕೂತ ಒಬ್ಬರನ್ನೂ ಬಿಡೋ ಹಾಗಿಲ್ಲ. (2ಕ³)⁴ ಇದ್ರೆ 2ಕ್ಕೂ ಸಿಗ್ಬೇಕು ಕ³ಗೂ ಸಿಗ್ಬೇಕು: 2⁴ ಅಂದ್ರೆ 16, (ಕ³)⁴ ಅಂದ್ರೆ ಕ¹², ಉತ್ತರ 16ಕ¹². ಇಲ್ಲಿ ಎರಡು ಥರದ ತಪ್ಪು ನೋಡಿದೀನಿ. ಒಂದು 2ಕ¹², ಪಾಪ 2ಕ್ಕೆ ಪ್ರಸಾದನೇ ಇಲ್ಲ. ಇನ್ನೊಂದು 8ಕ¹², 2ಕ್ಕೆ 4 ಸಲ ಅನ್ನೋದನ್ನ 2 × 4 ಮಾಡ್ಬಿಟ್ಟಿರ್ತಾರೆ.

ಆದ್ರೆ ಒಂದು ಹುಷಾರು, ಈ ಹಂಚೋದು ಒಳಗೆ ಗುಣಾಕಾರ ಇದ್ದಾಗ ಮಾತ್ರ. (ಕ + ನ)² ಇದ್ರೆ ಅದು ಕ² + ನ² ಅಲ್ಲ. ನಂಬಿಕೆ ಇಲ್ದಿದ್ರೆ ಅಂಕಿ ಹಾಕಿ ನೋಡಿ, (3 + 4)² ಅಂದ್ರೆ 49, 9 + 16 ಅಂದ್ರೆ 25. ಎಂಟನೇ ಕ್ಲಾಸಲ್ಲಿ ನಿತ್ಯಸಮೀಕರಣ ಅಂತ ಬರತ್ತೆ, ಆ ಕತೆ ಅಲ್ಲಿಗಿರ್ಲಿ.

ಮೈನಸ್ ವಿಷಯ ಹೇಳೋಕೆ ನಂಗೆ ಸ್ವಲ್ಪ ನಾಚಿಕೆ. ಟ್ಯೂಷನ್ ಶುರು ಮಾಡಿದ ವರ್ಷ ನಾನೇ ಬೋರ್ಡ್ ಮೇಲೆ −3² = 9 ಅಂತ ಬರ್ದಿದ್ದೆ. ಮಂಡ್ಯದಿಂದ ಬಂದು ಇಲ್ಲಿ ಅಜ್ಜಿ ಮನೇಲಿದ್ದ ಹುಡುಗ ಒಬ್ಬ, "ಮಿಸ್ಸೇ, ಬ್ರಾಕೆಟ್ ಎಲ್ಲೈತೆ?" ಅಂತ ಮೆಲ್ಲಗೆ ಕೇಳ್ದ. ಅವನು ಕೇಳಿದ್ದೇ ಸರಿ. ಘಾತಾಂಕ ತನಗೆ ಅಂಟ್ಕೊಂಡಿರೋದಕ್ಕೆ ಮಾತ್ರ ಸೇರತ್ತೆ, −3²ರಲ್ಲಿ 2 ಅಂಟಿರೋದು 3ಕ್ಕೆ, ಮೈನಸ್‌ಗಲ್ಲ. ಮೊದಲು 3² = 9, ಆಮೇಲೆ ಮುಂದಿರೋ ಮೈನಸ್, ಉತ್ತರ −9. (−3)² ಅಂತ ಬ್ರಾಕೆಟ್ ಇದ್ರೆ ಮೈನಸ್ಸೂ ಒಳಗಿದೆ, (−3) × (−3) = 9. ಬ್ರಾಕೆಟ್ ಒಳಗೆ ಮೈನಸ್ ಇದ್ದು ಹೊರಗೆ ಸಮಸಂಖ್ಯೆ ಇದ್ರೆ ಉತ್ತರ ಪ್ಲಸ್, ಬೆಸಸಂಖ್ಯೆ ಇದ್ರೆ ಮೈನಸ್. (−2)⁵ ಅಂದ್ರೆ −32. "ಎಲ್ಲೈತೆ ಬ್ರಾಕೆಟ್" ಅನ್ನೋದು ಈಗ ನಮ್ಮ ಟ್ಯೂಷನ್‌ನಲ್ಲಿ ಗಾದೆ ಥರ ಆಗೋಗಿದೆ, ಹೊಸದಾಗಿ ಸೇರೋ ಮಕ್ಕಳೂ ಅಂತಾರೆ, ಆ ಹುಡುಗ ಈಗ ಇಂಜಿನಿಯರಿಂಗ್ ಓದಿ ಮುಗಿಸಿದಾನೆ.

ಭಾಗಾಕಾರ ಅಂದ್ರೆ ಮಡಿಕೆ ಬಿಚ್ಚೋದು. ಆರು ಸಲ ಮಡಿಸಿದ ಸೀರೆ, ಎರಡು ಮಡಿಕೆ ಬಿಚ್ಚಿದ್ರೆ ನಾಲ್ಕು ಮಡಿಕೆ ಉಳೀತು, 2⁶ ÷ 2² = 2⁴. ಕಳೀಬೇಕು ಅಷ್ಟೇ. ಅಕ್ಷರದಲ್ಲಿ 12ಕ⁷ ÷ 3ಕ² ಅಂದ್ರೆ ಅಂಕಿಗೆ ಮಾಮೂಲಿ ಭಾಗಾಕಾರ 4, ಮೇಲೆ 7 − 2 = 5, ಉತ್ತರ 4ಕ⁵. ಇಲ್ಲೂ ಅಂಕಿ ಕಳೆದು 9ಕ⁵ ಅಂತ ಬರೆಯೋರಿದಾರೆ, ಬಣ್ಣದ ಪೆನ್ನು ಮರೀಬೇಡಿ. ಇನ್ನೊಂದು, (ಕ³ + 5)/ಕ ಥರದ್ದು ಬಂದಾಗ ಮೇಲಿನ ಕ³ ಕೆಳಗಿನ ಕ ಎರಡನ್ನೂ ಗೀಚಿ ಕ² + 5 ಅಂತ ಬರೆಯೋದು. ಹಂಗೆ ಹೊಡೆಯೋ ಹಾಗಿಲ್ಲ, ಮೇಲೆ ಪ್ಲಸ್ ಇದೆ, ಆ 5ಕ್ಕೂ ಕೆಳಗಿನ ಕ ಭಾಗ ಹಾಕ್ಬೇಕು. ಗೀಚೋ ಮೊದಲು ಮೇಲೂ ಕೆಳಗೂ ಪೂರ್ತಿ ಗುಣಾಕಾರನೇ ಇದೆಯಾ ನೋಡ್ಕೊಳಿ.

ಈಗ ಮಕ್ಕಳು ಅತಿ ಹೆಚ್ಚು ಜಗಳ ಆಡೋ ಜಾಗ. 2⁰ ಎಷ್ಟು? ಸೊನ್ನೆ ಅಂತ ಇಡೀ ಕ್ಲಾಸ್ ಕೂಗತ್ತೆ. ಸೀರೆನ ಒಂದ್ಸಲಾನೂ ಮಡಿಸದೆ ನೆಲದ ಮೇಲೆ ಹಾಸಿದ್ರೆ ಎಷ್ಟು ಪದರ ಇದೆ? ಒಂದು ಪದರ ಇದ್ದೇ ಇದೆಯಲ್ಲ! ಮಡಿಕೆ ಸೊನ್ನೆ, ಪದರ ಒಂದು. 2⁰ = 1. ಆವತ್ತು ಇದನ್ನ ತೋರ್ಸಿದಾಗ ಹಿಂದೆ ಕೂತಿದ್ದ ಒಬ್ಬಳು "ಅಯ್ಯೋ ಹೌದಲ್ವಾ" ಅಂದ್ಲು, ಹದಿನೈದು ವರ್ಷದಲ್ಲಿ ಈ ನಿಯಮಕ್ಕೆ ಅಯ್ಯೋ ಅನ್ನಿಸ್ಕೊಂಡಿದ್ದು ನಾನು ಅದೇ ಮೊದಲು. ಪುಸ್ತಕದ ರೀತೀಲಿ ಬೇಕಂದ್ರೆ 2³ ÷ 2³, ಒಂದು ಕಡೆಯಿಂದ 8 ÷ 8 = 1, ಇನ್ನೊಂದು ಕಡೆಯಿಂದ 3 − 3 = 0 ಅಂತ 2⁰, ಎರಡೂ ಒಂದೇ ಆಗ್ಬೇಕು. ಕ ಸೊನ್ನೆ ಅಲ್ಲದ ಯಾವ ಸಂಖ್ಯೆ ಆದ್ರೂ ಕ⁰ = 1. 5ಕ⁰ ಬಂದ್ರೆ ಮತ್ತೆ "ಎಲ್ಲೈತೆ ಬ್ರಾಕೆಟ್", ಸೊನ್ನೆ ಅಂಟಿರೋದು ಕಗೆ ಮಾತ್ರ, ಉತ್ತರ 5. (5ಕ)⁰ ಇದ್ರೆ 1.

ಋಣ ಘಾತಾಂಕಕ್ಕೆ ಪದರ ಬಿಟ್ಟು ಉದ್ದ ನೋಡ್ಬೇಕು. ಒಂದ್ಸಲ ಮಡಿಸಿದ್ರೆ ಸೀರೆ ಅರ್ಧ ಉದ್ದ ಕಾಣತ್ತೆ, ಎರಡ್ಸಲಕ್ಕೆ ಕಾಲು, ಮೂರಕ್ಕೆ 1/8, ನಾಲ್ಕಕ್ಕೆ 1/16. ಇದನ್ನ 2⁻¹, 2⁻², 2⁻³, 2⁻⁴ ಅಂತ ಬರೀತೀವಿ. ಮೈನಸ್ ಅಂದ್ರೆ ಇಲ್ಲಿ ಸಾಲ ಅಲ್ಲ, ನೆಗೆಟಿವ್ ಸಂಖ್ಯೆನೂ ಅಲ್ಲ, ಚಿಕ್ಕದಾಗ್ತಾ ಹೋಯ್ತು ಅಂತ. 2⁻³ ಅಂದ್ರೆ −8 ಅಲ್ಲ, 1/8. ಮಡಿಸಿ ಮಡಿಸಿ ಸೀರೆ ಮೈನಸ್ ಎಂಟು ಮೀಟರ್ ಆಗೋಕೆ ಸಾಧ್ಯನೇ ಇಲ್ಲ. ಚೆಂದ ಏನಂದ್ರೆ, ನಾಲ್ಕು ಸಲ ಉದ್ದಕ್ಕೆ ಮಡಿಸಿದಾಗ ಪದರ 2⁴, ಉದ್ದ 2⁻⁴, ಎರಡನ್ನೂ ಗುಣಿಸಿದ್ರೆ 2⁰ ಅಂದ್ರೆ 1, ಪೂರ್ತಿ ಒಂದು ಸೀರೆ. ಹೆಂಗೆ ಮಡಿಸಿದ್ರೂ ಸೀರೆ ಕಮ್ಮಿ ಆಗಿಲ್ಲ. ನಮ್ಮತ್ತೆಗೂ ಅವಾಗ್ಲೇ ಸಮಾಧಾನ ಆಗಿದ್ದು.

ಲೆಕ್ಕದಲ್ಲಿ ಇದನ್ನ ಬಳಸೋ ರೀತಿ: ಮೈನಸ್ ಘಾತಾಂಕ ಇರೋನು ಮೇಲಿದ್ರೆ ಕೆಳಗೆ ಕಳ್ಸಿ, ಕೆಳಗಿದ್ರೆ ಮೇಲೆ ಕಳ್ಸಿ, ದಾಟಿದ ತಕ್ಷಣ ಮೈನಸ್ ಹೋಗತ್ತೆ. ಕ⁻² ಅಂದ್ರೆ 1/ಕ². 5ಕ⁻² ಅಂದ್ರೆ 5/ಕ², 5ನ್ನ ಕರ್ಕೊಂಡು ಹೋಗ್ಬೇಡಿ, ಅದಕ್ಕೆ ಮೈನಸ್ ಅಂಟಿಲ್ಲ. (2/3)⁻² ಇದ್ರೆ ಭಿನ್ನರಾಶಿನ ತಲೆಕೆಳಗೆ ಮಾಡಿ, (3/2)² = 9/4. ಕ² ÷ ಕ⁵ ಬಂದಾಗ 2 − 5 = −3, ಕ⁻³, ಅಂದ್ರೆ 1/ಕ³. ಎಂಟನೇ ಕ್ಲಾಸಲ್ಲಿ ಸಾಮಾನ್ಯವಾಗಿ ಉತ್ತರ ಧನ ಘಾತಾಂಕದಲ್ಲಿ ಬರೀರಿ ಅಂತ ಕೇಳಿರ್ತಾರೆ, ಪ್ರಶ್ನೆ ಕೊನೇ ಸಾಲು ಓದಿ.

ಎಲ್ಲಾ ಒಟ್ಟಿಗೆ ಬರೋ ದೊಡ್ಡ ಲೆಕ್ಕ ಒಂದು ಮಾಡೋಣ. ಮೇಲೆ (2ಕ³ನ)³ × 3ಕ⁻²ನ⁴, ಕೆಳಗೆ 6ಕ⁵ನ⁹. ನೋಡಿದ್ರೆ ಭಯ ಆಗತ್ತೆ, ಆದ್ರೆ ಕೆಲಸದ ಆರ್ಡರ್ ಗೊತ್ತಿದ್ರೆ ಐದು ನಿಮಿಷದ್ದು. ಮೊದಲು ಬ್ರಾಕೆಟ್ ಬಿಡಿಸಿ, ಪ್ರಸಾದ ಎಲ್ಲರಿಗೂ: 2³ = 8, ಕ⁹, ನ³. ಈಗ ಮೇಲೆ 8ಕ⁹ನ³ × 3ಕ⁻²ನ⁴. ಅಂಕಿ ಮಾತ್ರ ನೋಡಿ, 8 × 3 = 24. ಕ ಮಾತ್ರ ನೋಡಿ, 9 ಮತ್ತು −2 ಸೇರಿ 7. ನ ಮಾತ್ರ ನೋಡಿ, 3 + 4 = 7. ಮೇಲೆ ಆಗಿದ್ದು 24ಕ⁷ನ⁷. ಇನ್ನು ಕೆಳಗಿನದ್ರಿಂದ ಭಾಗಿಸಿ: 24 ÷ 6 = 4, ಕಗೆ 7 − 5 = 2, ನಗೆ 7 − 9 = −2. ಅಂದ್ರೆ 4ಕ²ನ⁻², ನ ಅಕ್ಷರನ ಕೆಳಗೆ ಕಳ್ಸಿದ್ರೆ 4ಕ²/ನ². ಒಂದು ಸಲಕ್ಕೆ ಒಂದನ್ನೇ ನೋಡೋದು ಇಲ್ಲಿ ಮುಖ್ಯ, ಕ ಲೆಕ್ಕ ಹಾಕ್ತಾ ಹಾಕ್ತಾ ನ ಕಡೆ ಕಣ್ಣು ಹಾಯಿಸಿದ್ರೆ ಮುಗೀತು, ಎಲ್ಲಾ ಕಲಸು ಮೇಲೋಗರ.

ಉತ್ತರ ಸರಿ ಇದೆಯಾ ಅಂತ ಪರೀಕ್ಷೆ ಹಾಲಲ್ಲಿ ಯಾರನ್ನ ಕೇಳ್ತೀರ? ಅಂಕಿ ಹಾಕಿ ನೋಡೋದೇ ದಾರಿ, ಆದ್ರೆ ಯಾವ ಅಂಕಿ ಅನ್ನೋದ್ರಲ್ಲಿ ವಿಷಯ ಇದೆ. 1 ಮಾತ್ರ ಹಾಕಿದ್ರೆ ಪ್ರಯೋಜನ ಇಲ್ಲ, 1ಕ್ಕೆ ಯಾವ ಘಾತ ಹಾಕಿದ್ರೂ 1ನೇ, ತಪ್ಪು ಉತ್ತರನೂ ಸರಿ ಅಂತ ತೋರ್ಸತ್ತೆ. 2ನ್ನೂ ನಂಬಬೇಡಿ, 2 + 2, 2 × 2, 2² ಮೂರೂ 4 ಆಗೋದ್ರಿಂದ ಒಂದೊಂದ್ಸಲ ಮೋಸ ಮಾಡತ್ತೆ. 10 ಹಾಕಿ. ಬರೀ ಸೊನ್ನೆ ಎಣಿಸೋ ಕೆಲಸ. ಈಗ ಮಾಡಿದ ಲೆಕ್ಕಕ್ಕೆ ಮೊದಲು ಕ = 10, ನ = 1 ಅಂತ ಇಡಿ: ಮೇಲೆ 8 × 10⁹ × 3 × 10⁻² = 24 × 10⁷, ಕೆಳಗೆ 6 × 10⁵, ಭಾಗಿಸಿದ್ರೆ 4 × 10², 400. ನಮ್ಮ ಉತ್ತರ 4ಕ²/ನ²ಗೆ ಹಾಕಿದ್ರೂ 400. ಆಮೇಲೆ ಉಲ್ಟಾ, ಕ = 1, ನ = 10: ಮೇಲೆ 24 × 10⁷, ಕೆಳಗೆ 6 × 10⁹, 4/100. ನಮ್ಮ ಉತ್ತರನೂ 4/100. ಎರಡೂ ಅಕ್ಷರಕ್ಕೆ ಒಟ್ಟಿಗೆ 10 ಕೊಟ್ರೆ ಕ, ನ ಅದಲುಬದಲಾಗಿದ್ರೆ ಗೊತ್ತಾಗಲ್ಲ, ಅದಕ್ಕೇ ಒಂದೊಂದಾಗಿ.

ಅಕ್ಷರನೇ ಇಲ್ಲದೆ ಬರೀ ದೊಡ್ಡ ದೊಡ್ಡ ಸಂಖ್ಯೆ ಕೊಟ್ಟು ಸಂಕ್ಷೇಪಿಸಿ ಅಂತಾನೂ ಕೇಳ್ತಾರೆ. ಅಲ್ಲಿ ಆಧಾರ ಅಡಗಿ ಕೂತಿರತ್ತೆ, ಎಳೆದು ಹೊರಗೆ ಹಾಕ್ಬೇಕು. ಇದಕ್ಕೆ ನಾನು ಚಾಮುಂಡಿ ಬೆಟ್ಟದ ಮೆಟ್ಟಿಲಿಂದ ಶುರು ಮಾಡ್ತೀನಿ. ಸಾವಿರದೆಂಟು ಮೆಟ್ಟಿಲು ಅಂತೀವಲ್ಲ, ಆ 1008ನ್ನ ಎರಡರಿಂದ ಭಾಗಿಸ್ತಾ ಹೋಗಿ, 504, 252, 126, 63. ನಾಲ್ಕು ಸಲ ಹೋಯ್ತು. 63 ಅಂದ್ರೆ 9 × 7. ಹಾಗಾಗಿ 1008 = 2⁴ × 3² × 7. ಭಾನುವಾರ ಬೆಳಿಗ್ಗೆ ಬೆಟ್ಟ ಹತ್ತೋ ಹುಡುಗ್ರು ನಂದಿ ಹತ್ರ ಸುಸ್ತಾಗಿ ಕೂತಾಗ ಇದನ್ನ ಮಾಡ್ಬಹುದು, ಯಾರೂ ಮಾಡಲ್ಲ ಬಿಡಿ.

ಈಗ (18³ × 16)/(12² × 27). ಗುಣಿಸೋಕೆ ಹೋಗ್ಬೇಡಿ. 18 = 2 × 3², ಅದರ ಘನ 2³ × 3⁶. 16 = 2⁴. ಮೇಲೆ ಒಟ್ಟು 2⁷ × 3⁶. ಕೆಳಗೆ 12 = 2² × 3, ವರ್ಗ 2⁴ × 3², 27 = 3³, ಒಟ್ಟು 2⁴ × 3⁵. ಭಾಗಿಸಿದ್ರೆ 2³ × 3 = 24. ಗುಣಿಸ್ಕೊಂಡು ಹೋಗಿದ್ರೆ ಮೇಲೆ 93,312, ಕೆಳಗೆ 3,888 ಬರ್ತಿತ್ತು, ಅದನ್ನ ಭಾಗ ಹಾಕ್ತಾ ಕೂತ್ಕೊಂಡ್ರೆ ಬೆಲ್ ಹೊಡೆಯತ್ತೆ. 2 ಮತ್ತು 5 ಒಟ್ಟಿಗೆ ಕಂಡ್ರೆ ಬಿಡ್ಬೇಡಿ, ಜೋಡಿ ಮಾಡಿ 10 ಮಾಡಿ: 2⁶ × 5⁴ ಅಂದ್ರೆ 2² × 10⁴, ನಲವತ್ತು ಸಾವಿರ, ಬಾಯಲ್ಲೇ ಆಯ್ತು.

ಇದೆಲ್ಲಾ ಎಲ್ಲಿ ಉಪಯೋಗಕ್ಕೆ ಬರತ್ತೆ ಅಂತ ಪ್ರತಿ ಬ್ಯಾಚಲ್ಲೂ ಒಬ್ಬ ಕೇಳೇ ಕೇಳ್ತಾನೆ. ಮೈಸೂರು ಮಂಡ್ಯದ ಮಕ್ಕಳಿಗೆ ಉತ್ತರ ಸುಲಭ, ಕೆಆರ್‌ಎಸ್. ಮಳೆಗಾಲದಲ್ಲಿ ದಿನಾ ಬೆಳಿಗ್ಗೆ ಪೇಪರಲ್ಲಿ ನಮ್ಮಪ್ಪ ಮೊದಲು ನೋಡ್ತಿದ್ದಿದ್ದು ಡ್ಯಾಂ ನೀರಿನ ಮಟ್ಟ, ನಮ್ಮ ಗದ್ದೆ ಇರೋದು ಆ ಡ್ಯಾಂನ ವಿಸಿ (ವಿಶ್ವೇಶ್ವರಯ್ಯ) ನಾಲೆ ಬಯಲಲ್ಲಿ. ಪೂರ್ತಿ ತುಂಬಿದ್ರೆ 124.80 ಅಡಿ, 49.45 ಟಿಎಂಸಿ. ಟಿಎಂಸಿ ಅಂದ್ರೆ ಸಾವಿರ ಮಿಲಿಯನ್ ಘನ ಅಡಿ, ಸಾವಿರ 10³, ಮಿಲಿಯನ್ 10⁶, ಗುಣಿಸಿದ್ರೆ 10⁹, ನೂರು ಕೋಟಿ ಘನ ಅಡಿ. ಡ್ಯಾಂ ಪೂರ್ತಿ 49.45 × 10⁹, ಆದರ್ಶ ರೂಪದಲ್ಲಿ, ಅಂದ್ರೆ ಬಿಂದುವಿನ ಎಡಕ್ಕೆ ಸೊನ್ನೆ ಅಲ್ಲದ ಒಂದೇ ಅಂಕಿ ಇರೋ ಹಾಗೆ ಬರೆದ್ರೆ, 4.945 × 10¹⁰ ಘನ ಅಡಿ. ಬಿಂದು ಒಂದು ಮನೆ ಎಡಕ್ಕೆ ಬಂತು, ಘಾತಾಂಕ ಒಂದು ಜಾಸ್ತಿ ಆಯ್ತು.

ಒಳಹರಿವು ಹತ್ತು ಸಾವಿರ ಕ್ಯೂಸೆಕ್ ಅಂತ ಪೇಪರಲ್ಲಿ ಬಂದ್ರೆ ಒಂದು ಸೆಕೆಂಡಿಗೆ 10⁴ ಘನ ಅಡಿ ನೀರು ಬರ್ತಿದೆ ಅಂತ. ಒಂದು ದಿನಕ್ಕೆ 86,400 ಸೆಕೆಂಡು, 8.64 × 10⁴. ಗುಣಿಸಿ: 8.64 × 10⁸ ಘನ ಅಡಿ. ಟಿಎಂಸಿ ಬೇಕಂದ್ರೆ 10⁹ರಿಂದ ಭಾಗಿಸಿ, 8.64 × 10⁻¹, ಅಂದ್ರೆ 0.864 ಟಿಎಂಸಿ. ನೋಡಿ, ಋಣ ಘಾತಾಂಕನೂ ತಾನಾಗೇ ಬಂತು. ಡ್ಯಾಂ ತುಂಬೋಕೆ ಇನ್ನೂ ಹತ್ತು ಟಿಎಂಸಿ ಬೇಕು, ಹೊರಗೆ ಏನೂ ಬಿಡ್ತಿಲ್ಲ, ಇದೇ ಹರಿವು ಇದ್ರೆ ಎಷ್ಟು ದಿನ? 10¹⁰ ÷ (8.64 × 10⁸), ಅಂದ್ರೆ 100 ÷ 8.64, ಹನ್ನೊಂದೂವರೆ ದಿನದ ಮೇಲೆ ಚೂರು. ನಮ್ಮಪ್ಪ ಇದನ್ನ ಘಾತಾಂಕ ಗೊತ್ತಿಲ್ದೇನೇ "ಇನ್ನೊಂದ್ ಅನ್ನೆಲ್ಡ್ ದಿನ ಕಣವ್ವ" ಅಂತ ಜಗಲಿ ಮೇಲೆ ಕೂತು ಹೇಳ್ಬಿಡ್ತಿದ್ರು.

ಕೊನೇಗೆ ಆರು ಲೆಕ್ಕ ಕೊಡ್ತೀನಿ, ಪೆನ್ನು ತಗೊಂಡು ಮಾಡಿ, ಉತ್ತರ ಕೆಳಗಿದೆ, ಮೊದಲೇ ಇಣುಕ್ಬೇಡಿ.

5ಕ²ನ × 2ಕನ³
(−2ಕ²)³
(ಕ⁴ನ²)² ÷ ಕ³ನ⁵
6ಕ⁻³ × ಕ³
3ಕ² + 2ಕ³
2⁵ + 2⁵

ಮೊದಲನೇದು 10ಕ³ನ⁴, ಕಾಣದ 1ಗಳನ್ನ ಎಣಿಸಿದ್ರಾ? ಎರಡನೇದು −8ಕ⁶. ಮೂರನೇದು ಬ್ರಾಕೆಟ್ ಬಿಡಿಸಿದ್ರೆ ಕ⁸ನ⁴, ಭಾಗಿಸಿದ್ಮೇಲೆ ಕ⁵/ನ. ನಾಲ್ಕನೇದು ಬರೀ 6. ಐದನೇದು ಹೆಂಗಿದೆಯೋ ಹಂಗೇ ಬಿಡೋದು, ಅದರಲ್ಲಿ ಸೇರ್ಸೋ ಅಂಥದ್ದೇನೂ ಇಲ್ಲ. ಆರನೇದಕ್ಕೆ ನಮ್ಮ ಬ್ಯಾಚಲ್ಲಿ 2¹⁰, 4⁵, 4¹⁰ ಎಲ್ಲಾ ಬಂತು. ಕೂಡೋದು ಅಂದ್ರೆ ಒಂದರ ಮೇಲೊಂದು ಇಡೋದು ಅಂದಿದ್ದೆ ಅಲ್ವಾ, ಐದು ಸಲ ಮಡಿಸಿದ ಒಂದು ಸೀರೆ, ಅದರ ಮೇಲೆ ಐದು ಸಲ ಮಡಿಸಿದ ಇನ್ನೊಂದು. 32 ಪದರ, ಮತ್ತೆ 32 ಪದರ, 64. ಆರು ಸಲ ಮಡಿಸಿದ ಒಂದೇ ಸೀರೆಯಷ್ಟು, 2⁶. ಜ್ವರದ ಹುಡುಗ ಈ ಸಲಾನೂ ಬೀರು ಹತ್ರ ಹೋಗಿ ನಿಂತು ಎಣಿಸೇ ಹೇಳ್ದ.